ಕ್ಯಾಲೆಂಡರಿನ ಹಿಂದಿನ ಲಕೋಟೆ

ಪ್ರೀತಿಯ ಮಗಳೇ,

ನೀನು ಸಾಲ ಮಾಡಿ ಕೊಳ್ಳಲಿರುವ ಸುರತ್ಕಲ್‌ನ ಫ್ಲಾಟ್, ಅದರ ಬೆಲೆ, ನಿನ್ನ ಸಂಬಳ ಎಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿದ್ದಾಳೆ, ಅದನ್ನು ಮತ್ತೆ ಎತ್ತುವುದಿಲ್ಲ. ಆದರೆ ಪತ್ರದ ಕೊನೆಯಲ್ಲಿ ಬರೆದಿದ್ದೀಯಲ್ಲ, "ಮಾವ, ಒಂದು ಕಂತು ತಪ್ಪಿದರೆ ಮನೆ ಹೋಗುತ್ತದಾ? ಅಮ್ಮನಿಗೆ ಹೇಗೆ ಮುಖ ತೋರಿಸಲಿ?" ಅಂತ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಒಂದು ಕಂತು ತಪ್ಪಿದ್ದಕ್ಕೆ ಮನೆ ಹೋಗುವುದಿಲ್ಲ. ಬಾಕಿ 90 ದಿನ ದಾಟಿದರೆ ಬ್ಯಾಂಕಿನವರು ಅದನ್ನು ಕೆಟ್ಟ ಸಾಲದ ಲೆಕ್ಕಕ್ಕೆ ಹಾಕುತ್ತಾರೆ. ಆಮೇಲೂ ಅಡವಿಟ್ಟ ಮನೆಯನ್ನು ವಶಕ್ಕೆ ತೆಗೆದುಕೊಳ್ಳುವ ಮೊದಲು 2002ರ ಸರ್ಫೇಸಿ ಕಾಯ್ದೆಯಂತೆ 60 ದಿನದ ನೋಟಿಸು ಕೊಡಬೇಕು. ದಂಡ ಬೀಳುತ್ತದೆ, ಸಾಲ ಸರಿಯಾಗಿ ಕಟ್ಟುತ್ತೇವೋ ಎಂದು ಅಳೆಯುವ ಸಿಬಿಲ್ ಸ್ಕೋರ್ ಇಳಿಯುತ್ತದೆ, ನಿಜ. ಆದರೆ ಹೋಗಿ ಮಾತಾಡಲು ಸಮಯ ಇರುತ್ತದೆ. ನನ್ನನ್ನು ಹೆದರಿಸಿದ್ದು ಆ ಮುಖ ತೋರಿಸುವ ಮಾತು.

ಅಜ್ಜಿಯ ಬೆಂಡೋಲೆ ಹೋದ ಕತೆ ನಿಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ಹೇಳುತ್ತೇನೆ. ಆ ವರ್ಷ ಆಟಿ ತಿಂಗಳ ಮಳೆಗೆ ಅಂಗಡಿಯಲ್ಲಿ ವ್ಯಾಪಾರವೇ ಇರಲಿಲ್ಲ, ಈ ಮನೆಯ ಸಾಲದ ಎರಡು ಕಂತು ಕಟ್ಟಲು ಆಗಲಿಲ್ಲ. ಬ್ಯಾಂಕಿನಿಂದ ಲಕೋಟೆ ಬಂತು. ಒಡೆಯದೆ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ. ಇನ್ನೊಂದು ಬಂತು, ಅದನ್ನೂ ಅಲ್ಲೇ. 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ, ಅಂದರೆ ಬ್ಯಾಂಕಿನವರು ಮನೆಬಾಗಿಲಿಗೇ ಬಂದು ದಿನಾ ಸಂಗ್ರಹಿಸುವ ಉಳಿತಾಯ, ಶುರುವಾದ ಊರು ನಮ್ಮ ಉಡುಪಿ, ನಾನೂ ದಿನಾ ಕಟ್ಟುತ್ತಿದ್ದವನು, ಆದರೆ ಆಗ ಪಿಗ್ಮಿಯವರ ಸೈಕಲ್ ಬೆಲ್ ಕೇಳಿದರೆ ಒಳಗೆ ಹೋಗಿ ಅಕ್ಕಿಮೂಟೆಯ ಹಿಂದೆ ಕೂರುತ್ತಿದ್ದೆ. ಏಕಾದಶಿ ಯಾವತ್ತು ಅಂತ ನೋಡಲು ಅಜ್ಜಿ ತಿಂಗಳ ಹಾಳೆ ಮಗುಚಿದಾಗ ಎರಡೂ ಲಕೋಟೆ ಅವರ ಕಾಲಬುಡಕ್ಕೆ ಬಿದ್ದವು. ಒಂದು ಮಾತೂ ಕೇಳಲಿಲ್ಲ. ಮರುದಿನ ಅವರ ಕಿವಿ ಬರಿದಾಗಿತ್ತು. ಹಣ ಕಟ್ಟಲು ಹೋದಾಗ ಮ್ಯಾನೇಜರು, "ಮೊದಲೇ ಬಂದು ಹೇಳಿದ್ದರೆ ಮಳೆಗಾಲ ಮುಗಿಯುವವರೆಗೆ ಏನಾದರೂ ಮಾಡಬಹುದಿತ್ತಲ್ಲ ಮಾರಾಯ್ರೆ" ಅಂದರು. ಆ ಮಾತನ್ನು ಅಜ್ಜಿಗೆ ನಾನು ಹೇಳಲೇ ಇಲ್ಲ, ಅವರು ತೀರಿಕೊಳ್ಳುವವರೆಗೂ.

ಇಷ್ಟಾದ ಮೇಲೆ ನಿನಗೆ ಬುದ್ಧಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೂ, ಕೈಯಲ್ಲಿರುವುದನ್ನೆಲ್ಲ ಮುಂಗಡಕ್ಕೆ ಸುರಿಯಬೇಡ, ಆರು ಕಂತಿನಷ್ಟಾದರೂ ಬದಿಗಿಡು. 30 ಲಕ್ಷಕ್ಕೆ ಎಂಟೂವರೆ ಬಡ್ಡಿಯಂತೆ 20 ವರ್ಷಕ್ಕೆ ತಿಂಗಳಿಗೆ ಸುಮಾರು 26,000 ಬೀಳುತ್ತದೆ, ಕೊನೆಗೆ ಒಟ್ಟು 62 ಲಕ್ಷ ದಾಟುತ್ತದೆ. ಬಡ್ಡಿ ಏರಿಳಿಯುವ ಸಾಲವಾದರೆ ಬೇಗ ತೀರಿಸಲು ದಂಡ ಇಲ್ಲ, ಬೋನಸ್ ಬಂದಾಗ ಅಸಲಿಗೆ ಕಟ್ಟು. ಮೂಲಪತ್ರ, ಆಸ್ತಿಯ ಮೇಲೆ ಸಾಲ-ಋಣ ಇದೆಯೋ ಎಂದು ತೋರಿಸುವ ಇಸಿ ಎಲ್ಲ ಒಬ್ಬ ವಕೀಲರಿಗೆ ತೋರಿಸು, ಬ್ಯಾಂಕಿನವರು ನೋಡ್ತಾರೆ ಅಂತ ಸುಮ್ನೆ ಕೂರಬೇಡ. ಇದೆಲ್ಲ ನಿನಗೆ ಗೊತ್ತಿರಬಹುದು.

ಕಂತು ತಪ್ಪುತ್ತದೆ ಅನಿಸಿದ ದಿನವೇ ಬ್ಯಾಂಕಿಗೆ ಹೋಗು, ಅಮ್ಮನಿಗೆ ಹೇಳು. ಆಗದಿದ್ದರೆ ನನಗೆ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾದರೂ ಸರಿ.

ಲಕೋಟೆಯ ವಿಷಯ ನಿನ್ನಮ್ಮನಿಗೆ ಈವರೆಗೆ ಗೊತ್ತಿಲ್ಲ. ಈ ಪತ್ರ ಅವಳಿಗೂ ಓದಲು ಕೊಡು.

ನಿನ್ನ ಮಾವ