ಏಂಜಲ್ ಜೋಡಿಗೆ ದುಡ್ಡು ಕೊಡುವ ಮುಂಚೆ

ಡೊಂಬಿವಲಿ

ಚಿ. ಸುಹಾಸನಿಗೆ ಮಾವನ ಆಶೀರ್ವಾದಗಳು.

ಪುಣೆಯ ಅಂಗಡಿಯವನು ಏಂಜಲ್ ಮೀನಿನ 'ಗ್ಯಾರಂಟಿ ಜೋಡಿ' ಎಂದು ಮೂರು ಪಟ್ಟು ರೇಟು ಹೇಳಿದ್ದಾನೆ, ಭಾನುವಾರ ತಂದುಬಿಡುತ್ತೀಯೆ ಅಂತ ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ತರಬೇಡ. ಮೊದಲು ಇದನ್ನು ಓದು.

ನಾನೂ ಹೀಗೆ ಒಂದು ಜೋಡಿ ತಂದವನೇ. ನಿನ್ನ ಅತ್ತೆ ರಾಮ, ಸೀತೆ ಅಂತ ಹೆಸರಿಟ್ಟಳು. ಕೆಲವು ತಿಂಗಳಲ್ಲಿ ಟ್ಯಾಂಕಿನ ಅಗಲ ಎಲೆಯ ಮೇಲೆ ಸಾಲುಸಾಲು ಮೊಟ್ಟೆ, ಮನೆಯಲ್ಲಿ ಪಾಯಸ. ಬೆಂದ ಸಾಬಕ್ಕಿಯಂತಿದ್ದ ಮೊಟ್ಟೆಗಳು ಎರಡು ದಿನಕ್ಕೆ ಹಸಿ ಸಾಬಕ್ಕಿಯಂತೆ ಬೆಳ್ಳಗಾಗಿ ಬೂಸ್ಟು ಹಿಡಿದವು. ನೀರು ಸರಿಯಿಲ್ಲ ಅಂದುಕೊಂಡೆ. ಮೂರನೆಯ ಸಲ ಸ್ಟೂಲು ಹಾಕಿಕೊಂಡು ಕೂತು ನೋಡಿದರೆ, ರಾಮನೂ ಮೊಟ್ಟೆ ಇಡುತ್ತಿದ್ದಾನೆ! ಗಂಡು ಸಿಗದಿದ್ದರೆ ಎರಡು ಹೆಣ್ಣು ಏಂಜಲ್‌ಗಳೇ ಜೋಡಿ ಕಟ್ಟಿ, ಎಲೆ ಉಜ್ಜಿ, ಕಾವಲು ಕಾಯುತ್ತವೆ. ಜೊತೆಯಾಗಿ ಓಡಾಡುತ್ತವೆ ಅಂದಮಾತ್ರಕ್ಕೆ ಗಂಡು-ಹೆಣ್ಣು ಅಂತಲ್ಲ.

ಏಂಜಲ್, ಡಿಸ್ಕಸ್, ಆಸ್ಕರ್, ಈ ಮೂರು ಜಾತಿಯ ಮೀನುಗಳಲ್ಲಿ ಮೈಬಣ್ಣ ನೋಡಿ ಗಂಡೋ ಹೆಣ್ಣೋ ಹೇಳುವುದು ಆಗದ ಮಾತು. ವಯಸ್ಸಾದ ಗಂಡು ಏಂಜಲ್‌ನ ಹಣೆ ತುಸು ಉಬ್ಬುವುದುಂಟು, ಆದರೆ ಅದನ್ನು ನಂಬಿ ದುಡ್ಡು ಕೊಡಬೇಡ. ನಂಬುವಂಥದ್ದು ಒಂದೇ: ಮೊಟ್ಟೆ ಇಡುವ ಒಂದೆರಡು ದಿನ ಮುಂಚೆ ಹೊಟ್ಟೆಯ ಅಡಿಯಲ್ಲಿ ಸಣ್ಣ ನಳಿಗೆ ಇಳಿಯುತ್ತದೆ. ಗಂಡಿನದು ಸಪೂರ, ತುದಿ ಚೂಪು. ಹೆಣ್ಣಿನದು ದಪ್ಪ, ತುದಿ ಮೊಂಡು. ಉಳಿದ ದಿನ ಯಾರು ಏನೇ ಹೇಳಲಿ, ಅದು ಊಹೆ. ಕೇರಳದವರ ಕರಿಮೀನೂ ಇವುಗಳ ಸಿಕ್ಲಿಡ್ ಕುಟುಂಬದ್ದೇ, ಅದರಲ್ಲೂ ಹೊರನೋಟಕ್ಕೆ ಗಂಡು-ಹೆಣ್ಣು ಒಂದೇ. ತವೆಯ ಮೇಲೆ ಹಾಕುವವರಿಗೆ ಆ ಚಿಂತೆ ಇಲ್ಲ ಬಿಡು.

ಎಲ್ಲ ಸಿಕ್ಲಿಡ್‌ಗಳೂ ಇಷ್ಟು ಸತಾಯಿಸುವುದಿಲ್ಲ. ಕ್ರಿಬ್ ಎಂಬ ಜಾತಿಯಲ್ಲಿ ಹೆಣ್ಣು ಗಿಡ್ಡ, ದುಂಡಗೆ, ಹೊಟ್ಟೆ ಕೆಂಪು. ಗಂಡು ಉದ್ದ, ರೆಕ್ಕೆಯ ತುದಿ ಚೂಪು. ಕಾನ್ವಿಕ್ಟ್ ಎಂಬ ಜಾತಿಯಲ್ಲಿ ಬಣ್ಣ ಇರುವುದೇ ಹೆಣ್ಣಿಗೆ, ಹೊಟ್ಟೆಯ ಬದಿಯಲ್ಲಿ ಕಿತ್ತಳೆ ಹುರುಪೆ. ಗಂಡು ಎಂದರೆ ಬಣ್ಣ ಎಂದುಕೊಂಡವರು ಇಲ್ಲಿ ಎಡವುತ್ತಾರೆ. ಆಫ್ರಿಕದ ಮಲಾವಿ ಸರೋವರದ ಕೆನ್ಯಿ ಮೀನಿನ ಮರಿಗಳೆಲ್ಲ ನೀಲಿ, ಬೆಳೆದ ಗಂಡು ಹಳದಿಯಾಗುತ್ತದೆ. ಆದರೆ ದೊಡ್ಡ ಗಂಡಿನ ಏಟಿಗೆ ಹೆದರಿದ ಚಿಕ್ಕ ಗಂಡು ನೀಲಿಯಾಗಿಯೇ ಉಳಿದು ನಮ್ಮನ್ನೂ ಮೋಸಗೊಳಿಸಬಹುದು.

ಪೀಕಾಕ್ ಎಂಬ ಸಿಕ್ಲಿಡ್ ವಿಷಯದಲ್ಲಿ ಮಾತ್ರ ಹುಷಾರು. ಬಣ್ಣದ್ದು ಗಂಡು, ಬೂದುಬಣ್ಣದ್ದು ಹೆಣ್ಣು, ಸರಿ. ಆದರೆ ಬೆರಳುದ್ದದ ಮರಿಗಳೆಲ್ಲ ಮಿರಮಿರ ಮಿಂಚುತ್ತಿದ್ದರೆ ಹಾರ್ಮೋನ್ ಹಾಕಿರಬಹುದು. ಮನೆಗೆ ತಂದ ಮೇಲೆ ಬಣ್ಣ ಇಳಿಯುತ್ತದೆ. ಗಂಡಿನ ಹಿಂಬದಿಯ ಅಡಿರೆಕ್ಕೆಯಲ್ಲಿ ಮೊಟ್ಟೆಯಂಥ ಚುಕ್ಕೆಗಳಿರುತ್ತವೆ. ಹೆಣ್ಣು ಮೊಟ್ಟೆ ಇಟ್ಟು ತಕ್ಷಣ ಬಾಯಿಗೆ ಎತ್ತಿಕೊಳ್ಳುತ್ತದೆ, ಆ ಚುಕ್ಕೆಗಳನ್ನೂ ಕಚ್ಚಲು ಹೋಗುತ್ತದೆ, ಆಗ ಗಂಡಿನ ವೀರ್ಯ ಬಾಯಿಗೆ ಸೇರಿ ಮೊಟ್ಟೆ ಫಲಿಸುತ್ತದೆ. ಆಮೇಲೆ ಮೊಟ್ಟೆ-ಮರಿ ಬಾಯಲ್ಲೇ ಇಟ್ಟುಕೊಂಡು ಹೆಣ್ಣಿಗೆ ಮೂರು ವಾರದ ಹತ್ತಿರ ಹೆಚ್ಚುಕಡಿಮೆ ಉಪವಾಸ. ನಾನು ಮೊದಲ ಸಲ ನೋಡಿದ ದಿನ ಆಫೀಸಿಗೆ 8.12ರ ಲೋಕಲ್ ತಪ್ಪಿತು. ಚುಕ್ಕೆ ಹೆಣ್ಣಿಗೂ ಬರುವುದುಂಟು, ಗಂಡೋ ಹೆಣ್ಣೋ ತಿಳಿಯಲು ಅದನ್ನು ಎಣಿಸುತ್ತ ಕೂರಬೇಡ.

ಈಗ ನಿನ್ನ ಏಂಜಲ್. ಆ ಜೋಡಿಯ ದುಡ್ಡಿನಲ್ಲಿ ರೂಪಾಯಿ ನಾಣ್ಯದಷ್ಟಿರುವ ಆರು ಮರಿ ತಾ. ಆರರಲ್ಲಿ ಗಂಡೂ ಹೆಣ್ಣೂ ಎರಡೂ ಇರುವ ಸಾಧ್ಯತೆ ಚೆನ್ನಾಗಿದೆ. ವರ್ಷದೊಳಗೆ ಎರಡು ಮೀನು ತಾವೇ ಜೋಡಿ ಆರಿಸಿಕೊಂಡು ಒಂದು ಮೂಲೆ ಹಿಡಿದು ಮಿಕ್ಕವನ್ನು ಅಟ್ಟುತ್ತವೆ. ಆಗ ಅಟ್ಟಿಸಿಕೊಂಡವನ್ನು ಬೇರೆ ಟ್ಯಾಂಕಿಗೆ ಹಾಕು. ನನ್ನ ಇನ್ನೂರು ಲೀಟರಿನ ಹಳೆಯ ಟ್ಯಾಂಕು ಬಾಲ್ಕನಿಯಲ್ಲಿ ಖಾಲಿ ಬಿದ್ದಿದೆ, ಟೆಂಪೊ ಮಾಡಿ ಕಳಿಸುತ್ತೇನೆ. ಸ್ಪಂಜ್ ಫಿಲ್ಟರನ್ನು ನಾನೇ ತರುತ್ತೇನೆ, ಮುಂದಿನ ಶನಿವಾರ ಕಲ್ಯಾಣದಿಂದ ಇಂದ್ರಾಯಣಿ ರೈಲು ಹಿಡಿದು. ಅತ್ತೆ ಚಟ್ನಿಪುಡಿ ಕಟ್ಟಿಕೊಡುತ್ತಾಳಂತೆ. ಡಬ್ಬಿ ವಾಪಸು ಕೊಡು, ಹೋದ ಸಲದ್ದೂ ಬಂದಿಲ್ಲ.

ಇತಿ ನಿನ್ನ ಮಾವ