ಫ್ರೈಂಡ್ಲಿಖ್ ಅವರ ನಾಟಕಗಳೆಲ್ಲಿ?

ಮಾನ್ಯರೇ,

ರಷ್ಯಾದ ನಟಿ ಅಲಿಸಾ ಫ್ರೈಂಡ್ಲಿಖ್ ಕುರಿತು ನಿಮ್ಮ ಸಿನಿಮಾ ಪುರವಣಿಯಲ್ಲಿ ಬಂದ ಲೇಖನದಲ್ಲಿ ಅವರ ರಂಗಭೂಮಿಯ ಬದುಕಿಗೆ ಜಾಗವೇ ಸಿಕ್ಕಿಲ್ಲ. 1977ರ ‘ಆಫೀಸ್ ರೊಮಾನ್ಸ್’, 1979ರ ‘ಸ್ಟಾಕರ್’ ಚಿತ್ರಗಳಿಗೇ ಮಾತು ಮುಗಿದಿದೆ. ಅವು ಸಿನಿಮಾ ಪ್ರಿಯರಿಗೆ ಗೊತ್ತಿರುವಂಥವೇ ಅಲ್ವಾ?

ಫ್ರೈಂಡ್ಲಿಖ್ ಮೊದಲಿಗೆ ನಾಟಕದವರು. ಹುಟ್ಟಿದ್ದು 1934ರಲ್ಲಿ, ಈಗ ಸೇಂಟ್ ಪೀಟರ್ಸ್‌ಬರ್ಗ್ ಎನ್ನುವ ಲೆನಿನ್‌ಗ್ರಾಡಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ಆ ಊರಿಗೆ ಜರ್ಮನ್ ಸೇನೆ ಹಾಕಿದ ಮುತ್ತಿಗೆಯನ್ನು ಬಾಲ್ಯದಲ್ಲೇ ಕಂಡವರು. ಅಪ್ಪ ಬ್ರೂನೊ ಕೂಡ ನಟ. ಅಲಿಸಾ ಅಲ್ಲಿನ ಲೆನ್ಸೊವೆಟ್ ಥಿಯೇಟರಿನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ದುಡಿದರು. ಷೇಕ್ಸ್‌ಪಿಯರನ ‘ದ ಟೇಮಿಂಗ್ ಆಫ್ ದ ಶ್ರೂ’ ನಾಟಕದ ಹಟಮಾರಿ ಕ್ಯಾಥರಿನಾ ಆಗಿ ಜನರನ್ನು ಗೆದ್ದದ್ದು ಅಲ್ಲೇ. 1983ರಲ್ಲಿ ಅದೇ ಊರಿನಲ್ಲಿ ನಿರ್ದೇಶಕ ತೊವ್‌ಸ್ತೊನೊಗೊವ್ ನಡೆಸುತ್ತಿದ್ದ ಬೊಲ್ಶೊಯ್ ಡ್ರಾಮಾ ಥಿಯೇಟರ್ ಸೇರಿದರು. (ಬ್ಯಾಲೆಗೆ ಹೆಸರಾದ ಮಾಸ್ಕೋದ ಬೊಲ್ಶೊಯ್ ಬೇರೆ.)

‘ಸ್ಟಾಕರ್’ ಕೊನೆಯಲ್ಲಿ ನಾಯಕನ ಹೆಂಡತಿಯಾಗಿ ಅವರು ನೇರ ಕ್ಯಾಮೆರಾ ನೋಡಿ ಮಾತಾಡುತ್ತಾರಲ್ಲ, ಅದು ಸುಮ್ನೆ ಬಂದದ್ದಲ್ಲ. ಎದುರು ಕೂತ ಜನರ ಮುಂದೆ ವರ್ಷಗಟ್ಟಲೆ ಪಳಗಿದ ದನಿ ಅದು ಎಂದು ನನಗನಿಸುತ್ತದೆ.

ಇಂಥ ಕಲಾವಿದರ ಬಗ್ಗೆ ಬರೆಯುವಾಗ ಚಿತ್ರಗಳ ಜತೆ ಮುಖ್ಯ ರಂಗಪಾತ್ರಗಳ ಪುಟ್ಟ ಪಟ್ಟಿಯನ್ನೂ, ಸಿಕ್ಕರೆ ಒಂದು ನಾಟಕದ ಫೋಟೊವನ್ನೂ ಕೊಡಿ.

– ಒಬ್ಬ ಓದುಗ, ಮೈಸೂರು