ಗ್ರೀಸ್ ಇಲ್ಲದ ಡಿಪೋಗೆ ಹೊರಟ ಮಗಳಿಗೆ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಅಂದೆ: "ಅಪ್ಪಾ, ಎಲೆಕ್ಟ್ರಿಕ್ ಬಸ್ಸಲ್ಲಿ ಇಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ. ನಿನ್ ಥರ ಮೈಯೆಲ್ಲ ಕಪ್ಪು ಮಾಡ್ಕೊಳ್ಳೋ ಕೆಲಸ ಅಲ್ಲ. ಲ್ಯಾಪ್‌ಟಾಪ್ ಹಾಕಿದ್ರೆ ಎಲ್ಲ ಗೊತ್ತಾಗುತ್ತೆ." ಅರ್ಧ ನಿಜ. ಇನ್ನರ್ಧಕ್ಕೆ ಈ ಪತ್ರ. ಫೋನಿನಲ್ಲೇ ಹೇಳೋಣ ಅಂದರೆ ನೀನು ಹೂಂ ಹೂಂ ಅಂತ ಕೇಳಿ ಇಟ್ಟುಬಿಡುತ್ತೀಯ.

ಇಂಜಿನ್ ಹೋಯಿತು, ಸೈಲೆನ್ಸರ್ ಹೋಯಿತು, ಸರಿ. ಆದರೆ ಬಗ್ಗಿ ಕೆಳಗೆ ನೋಡು. ಏರ್ ಟ್ಯಾಂಕ್, ಬ್ರೇಕ್ ಚೇಂಬರ್, ಸ್ಟೇರಿಂಗ್ ರಾಡ್‌ಗಳು, ಬಾಡಿ ಹೊರುವ ಗಾಳಿಚೀಲ ಅಂದರೆ ಬೆಲ್ಲೋ, ಎಲ್ಲ ಅಲ್ಲೇ ಇವೆ. ಕಂಪ್ರೆಸರ್ ತಿರುಗಿಸುವುದು ಇಂಜಿನ್ ಅಲ್ಲ, ಮೋಟಾರ್, ಅಷ್ಟೇ. ಬ್ಯಾಟರಿಯಿಂದಾಗಿ ಗಾಡಿಯ ತೂಕ ಜಾಸ್ತಿ. ಮೋಟಾರ್ ನಿಂತಲ್ಲಿಂದಲೇ ಜೋರಾಗಿ ಎಳೆಯುತ್ತದೆ. ಹಾಗಾಗಿ ಟೈರ್ ಬೇಗ ಸವೆಯುತ್ತದೆ. ಉಜ್ಜಿ ಚಕ್ರ ನಿಲ್ಲಿಸುವ ಬ್ರೇಕ್ ಲೈನಿಂಗ್ ಮಾತ್ರ ನಮ್ಮ ಡೀಸೆಲ್ ಬಸ್ಸುಗಳಿಗಿಂತ ಜಾಸ್ತಿ ದಿನ ಬರುತ್ತದೆ. ಆಕ್ಸಿಲರೇಟರ್ ಪೆಡಲ್‌ನಿಂದ ಕಾಲು ತೆಗೆದಾಗ ಮೋಟಾರೇ ವೇಗ ತಗ್ಗಿಸಿ ಕರೆಂಟನ್ನು ಬ್ಯಾಟರಿಗೆ ವಾಪಸ್ ಕಳಿಸುತ್ತದಲ್ಲ, ಅದಕ್ಕೆ. ನನಗೆ ಭಯ ಇರುವುದೂ ಅಲ್ಲೇ. ಬೇಗ ಸವೆಯುವುದಿಲ್ಲ ಅಂತ ಗೊತ್ತಾದರೆ ಬಿಚ್ಚಿ ನೋಡುವುದನ್ನೇ ಬಿಡುತ್ತಾರೆ. ಕಡಿಮೆ ಬಳಸಿದ ಬ್ರೇಕ್ ತುಕ್ಕು ಹಿಡಿಯಬಹುದು, ಲೈನಿಂಗ್ ಮೇಲೆ ಹೊಳಪು ಬಂದು ಹಿಡಿತ ಕಡಿಮೆಯಾಗಬಹುದು. ದಪ್ಪ ಅಳೆದು ಟಿಕ್ ಹಾಕಿದರೆ ಅದು ಕಾಣಿಸುವುದಿಲ್ಲ.

ಗ್ಯಾರೇಜಿಗೆ ಬರುವವನು ಕೆಟ್ಟ ಗಾಡಿ ತರುತ್ತಾನೆ, ರಿಪೇರಿ ಮಾಡಿ ಕಳಿಸಿದರೆ ಮುಗಿಯಿತು. ಡಿಪೋಗೆ ಬರುವ ಬಸ್ಸು ಕೆಟ್ಟಿರುವುದಿಲ್ಲ. ಕೆಡಬಾರದು ಅಂತಲೇ ನಮಗೆ ಸಂಬಳ. ರಾತ್ರಿ ಬಂದದ್ದು ಬೆಳಗಿನ ಷೆಡ್ಯೂಲಿಗೆ ಹೊರಡಬೇಕು. ಸಿಗುವ ಕೆಲವೇ ಗಂಟೆಯಲ್ಲಿ ನಾಳೆ ಕೆಡುವುದನ್ನು ಇವತ್ತು ಕಂಡುಹಿಡಿಯಬೇಕು. ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ, ಏನೂ ಆಗದಿದ್ದಕ್ಕೆ ಯಾರೂ ಬೆನ್ನು ತಟ್ಟುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಹೋಗು.

ಮಂಗಳೂರು ರೂಟಿನ ಒಂದು ಬಸ್ಸಿನ ಕತೆ ಹೇಳುತ್ತೇನೆ. ಚಾಲಕರು ಲಾಗ್ ಶೀಟಿನಲ್ಲಿ ಬರೆಯುತ್ತಿದ್ದುದು ಒಂದೇ ಸಾಲು, "ಗಾಡಿ ಎಳೆಯುತ್ತಿಲ್ಲ." ಏರ್ ಫಿಲ್ಟರ್ ಬದಲಾಯಿತು. ಡೀಸೆಲ್ ಫಿಲ್ಟರ್ ಬದಲಾಯಿತು. ಟರ್ಬೊ ಹೋಸ್ ನೋಡಿದ್ದಾಯಿತು. ಒಂದೊಂದು ಶಿಫ್ಟಿನವರು ಒಂದೊಂದು ಬದಲಿಸಿದರು, ಎಳೆತ ಬರಲಿಲ್ಲ. ಕೊನೆಗೆ ಹಳೇ ಶೀಟ್‌ಗಳನ್ನು ಸಾಲಾಗಿ ಇಟ್ಟುಕೊಂಡು ಕೂತೆವು. ಕೆಎಂಪಿಎಲ್, ಅಂದರೆ ಲೀಟರ್ ಡೀಸೆಲಿಗೆ ಓಡುವ ಕಿಲೋಮೀಟರ್, ಸ್ವಲ್ಪ ಸ್ವಲ್ಪವೇ ಇಳಿಯುತ್ತಾ ಬಂದಿದೆ. ಹಿಂದಿನ ಎಡ ಚಕ್ರದ ಲೈನಿಂಗ್ ಉಳಿದವಕ್ಕಿಂತ ಬೇಗ ಬದಲಾಗಿದೆ. ಅದೇ ಕಡೆ ಸುಟ್ಟ ವಾಸನೆ ಅಂತ ಒಬ್ಬ ಚಾಲಕರು ಯಾವತ್ತೋ ಬರೆದಿದ್ದಾರೆ, ಯಾರೂ ಗಮನಿಸಿಲ್ಲ. ಆವತ್ತು ಬಸ್ಸು ಒಳಗೆ ಬಂದ ಕೂಡಲೇ ಚಕ್ರದ ನಡುವಿನ ಹಬ್‌ಗಳ ಹತ್ತಿರ ಕೈ ಹಿಡಿದು ನೋಡಿದೆವು. ಮೂರು ಬೆಚ್ಚಗಿದ್ದವು, ಅದೊಂದರ ಹತ್ತಿರ ಕೈ ಹಿಡಿಯಲು ಆಗಲಿಲ್ಲ. ಲೈನಿಂಗನ್ನು ಡ್ರಮ್ಮಿಗೆ ಒತ್ತುವ ಕ್ಯಾಮ್‌ಶಾಫ್ಟಿನ ಬುಷ್ ಬಿಗಿಯಾಗಿ ಬ್ರೇಕ್ ಪೂರ್ತಿ ಬಿಡುತ್ತಿರಲಿಲ್ಲ. ಇಂಜಿನ್ ಪಾಪ ಸುಮ್ನೆ ಬೈಸಿಕೊಂಡಿತ್ತು.

ಡೀಸೆಲ್ ನಷ್ಟ ಒಂದು ಕಡೆ ಇರಲಿ. ಆ ಬಸ್ಸು ದಿನಾ ಶಿರಾಡಿ ಘಾಟಿ ಇಳಿಯುತ್ತಿತ್ತು. ಸಕಲೇಶಪುರ ದಾಟಿದ ಮೇಲೆ ಗುಂಡ್ಯದವರೆಗೆ ಇಳಿಜಾರು. ಮೊದಲೇ ಕಾದಿರುವ ಡ್ರಮ್ ಅಲ್ಲಿ ಇನ್ನಷ್ಟು ಕಾಯುತ್ತದೆ, ಹಿಗ್ಗುತ್ತದೆ, ಲೈನಿಂಗ್ ಹಿಡಿತ ಬಿಡುತ್ತದೆ. ಬ್ರೇಕ್ ಬೇಕೇಬೇಕು ಅನ್ನುವ ಜಾಗದಲ್ಲೇ ಕೈಕೊಡುತ್ತದೆ.

ಆ ಬಸ್ಸಿನ ಕಾಯಿಲೆ ಯಾವ ಒಬ್ಬನ ಕಣ್ಣಿಗೂ ಬಿದ್ದಿರಲಿಲ್ಲ, ಕಾಗದದ ಮೇಲೆ ಮಾತ್ರ ಇತ್ತು. 1948ರಲ್ಲಿ, ಈಗಿನ ಕೆಎಸ್‌ಆರ್‌ಟಿಸಿಗೆ ಮೂಲವಾದ ಮೈಸೂರು ಸರ್ಕಾರಿ ಸಾರಿಗೆ ಇಲಾಖೆ ಶುರುವಾದಾಗ ಇದ್ದದ್ದು 120 ಬಸ್ಸು. ಆಗಿನ ಮೇಸ್ತ್ರಿಗಳಿಗೆ ಒಂದೊಂದು ಬಸ್ಸಿನ ಸದ್ದೂ ಗೊತ್ತಿದ್ದಿರಬೇಕು. ಈಗ ಸಾವಿರಾರು ಬಸ್ಸು, ದಿನಕ್ಕೊಬ್ಬ ಚಾಲಕ, ಶಿಫ್ಟಿಗೊಬ್ಬ ಮೆಕ್ಯಾನಿಕ್. ಬರೆದಿಟ್ಟರೆ ಮಾತ್ರ ಬಸ್ಸಿಗೆ ನೆನಪು. ನೀನು ಬರೆಯುವಾಗ "ಸರಿ ಮಾಡಲಾಗಿದೆ" ಅಂತ ಬರೆಯಬೇಡ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ಚಕ್ರ, ಏನು ಕಂಡಿತು, ಏನು ಹಾಕಿದೆ, ಎಷ್ಟು ಕಿಲೋಮೀಟರಿಗೆ, ಇಷ್ಟು ಬರೆ.

ಇನ್ನು ನಿನ್ನ ಲ್ಯಾಪ್‌ಟಾಪ್. ನನಗೆ ಅದರ ಮೇಲೆ ಸಿಟ್ಟಿಲ್ಲ. 2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಿಎಸ್-6 ಬಂದ ಮೇಲೆ ನಾವೂ ಅದಿಲ್ಲದೆ ಕೆಲಸ ಮಾಡಲಾರೆವು. ಆದರೆ ಅದು ತೋರಿಸುವ ದೋಷದ ಕೋಡ್ ಎಲ್ಲಿ ನೋಡಬೇಕು ಅಂತ ಹೇಳುತ್ತದೆಯೇ ಹೊರತು ಯಾಕೆ ಅಂತ ಹೇಳುವುದಿಲ್ಲ. ಹೊಗೆ ಶುದ್ಧ ಮಾಡಲು ಹಾಕುವ ಆಡ್‌ಬ್ಲೂನಲ್ಲಿ 32.5% ಯೂರಿಯಾ ಇರಬೇಕು. ಯಾರೋ ನೀರು ಬೆರೆತದ್ದನ್ನು ತುಂಬಿದರೆ ಸ್ಕ್ರೀನ್ ಮೇಲೆ ಸೆನ್ಸರ್ ಹೆಸರು ಬರಬಹುದು. ದುಬಾರಿ ಸೆನ್ಸರ್ ಬದಲಿಸಿ ಕೋಡ್ ಅಳಿಸಿ ಕಳಿಸುತ್ತಾರೆ, ಬಸ್ಸು ವಾಪಸ್ ಬರುತ್ತದೆ. ನಿನ್ನ ಗಾಡಿಯಲ್ಲಿ ಆಡ್‌ಬ್ಲೂ ಇಲ್ಲ, ಆದರೆ ಕನೆಕ್ಟರ್‌ಗಳು ನಮ್ಮದಕ್ಕಿಂತ ಜಾಸ್ತಿ. ಬೆಂಗಳೂರಿನ ಮಳೆಯಲ್ಲಿ ಅಂಡರ್‌ಪಾಸ್ ನೀರಲ್ಲಿ ನುಗ್ಗಿ ಬಂದ ಬಸ್ಸು ಕೋಡ್ ತೋರಿಸಿದರೆ ಮೊದಲು ಕನೆಕ್ಟರ್ ತೆಗೆದು ಪಿನ್ ನೋಡು. ಹೊಸ ಪಾರ್ಟ್ ಬೇಕು ಅಂತ ಸ್ಟೋರಿಗೆ ಇಂಡೆಂಟ್ ಹಾಕುವುದು ಆಮೇಲೆ.

ಲ್ಯಾಪ್‌ಟಾಪ್ ತೋರಿಸದ ಕೆಲವನ್ನೂ ಹೇಳುತ್ತೇನೆ. ವೀಲ್ ನಟ್‌ನಿಂದ ಕೆಂಪು ತುಕ್ಕಿನ ಗೆರೆ ಹೊರಟಿದ್ದರೆ ಆ ನಟ್ ಸಡಿಲ ಅಂತ ಅನುಮಾನಪಡು. ಟೈರ್ ಎರಡೂ ಅಂಚಿನಲ್ಲಿ ಸವೆದಿದ್ದರೆ ಗಾಳಿ ಕಡಿಮೆ, ನಡುವೆ ಸವೆದಿದ್ದರೆ ಜಾಸ್ತಿ, ಒಂದೇ ಅಂಚಾದರೆ ಅಲೈನ್‌ಮೆಂಟ್ ನೋಡು. ಹಿಂದಿನ ಜೋಡಿ ಟೈರಿನಲ್ಲಿ ಒಳಗಿನದು ಯಾವಾಗಲೂ ಅನಾಥ. ಅದರ ಗಾಳಿ ಇಳಿದರೆ ಹೊರಗಿನದು ಇಬ್ಬರ ಭಾರ ಹೊತ್ತು ಬಿಸಿಯಾಗುತ್ತದೆ. ಏರ್ ಟ್ಯಾಂಕಿನ ಡ್ರೈನ್ ಎಳೆದಾಗ ನೀರು ಬಂದರೆ ಗಾಳಿಯ ತೇವ ಹೀರುವ ಡ್ರೈಯರ್ ಮುಗಿದಿದೆ. ಎಣ್ಣೆ ಬಂದರೆ ಕಂಪ್ರೆಸರ್ ನೋಡಬೇಕು.

ಈಗ ನಿನಗೆ ಬೋರ್ ಆಗುವ ಭಾಗ. ಆದರೂ ಇದನ್ನು ಎರಡು ಸಲ ಓದು.

ನನ್ನ ಬಸ್ಸಿನಲ್ಲಿ 24 ವೋಲ್ಟ್. ಕೈ ತಗುಲಿದರೆ ಶಾಕ್ ಹೊಡೆಯುವುದಿಲ್ಲ. ನಿನ್ನದರಲ್ಲಿ 500-600 ವೋಲ್ಟ್ ಓಡಾಡುತ್ತದೆ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಿಂದಕ್ಕೆ ಬರಬೇಕು. ಗಾಡಿ ಆಫ್ ಮಾಡಿ, ಬ್ಯಾಟರಿ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದು, ಬೇರೆಯವರು ವಾಪಸ್ ಹಾಕದ ಹಾಗೆ ಲಾಕ್ ಮಾಡಿ, ಕೆಪಾಸಿಟರ್ ಖಾಲಿಯಾಗಲು ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾದು, ಆಮೇಲೂ ಮೀಟರ್ ಹಿಡಿದು ಸೊನ್ನೆ ನೋಡಿಯೇ ಮುಟ್ಟು. ರಬ್ಬರ್ ಗ್ಲೌಸನ್ನು ಪ್ರತಿ ಸಲ ಕಫ್‌ನಿಂದ ಸುತ್ತಿ ಗಾಳಿ ತುಂಬಿಸಿ ತೂತಿದೆಯಾ ನೋಡು. ಒಬ್ಬಳೇ ಇದ್ದಾಗ ಆ ಕೆಲಸಕ್ಕೆ ಕೈ ಹಾಕಬೇಡ. ಬಳೆ, ಉಂಗುರ, ಸರ ಮನೆಯಲ್ಲೇ ಇರಲಿ. ಇದಕ್ಕೆ ನಿಮ್ಮಮ್ಮ ಮುಖ ಊದಿಸಿಕೊಂಡಿದ್ದಾಳೆ, ನಾನು ಸಮಾಧಾನ ಮಾಡುತ್ತೇನೆ.

ಕರೆಂಟಿಗಿಂತ ನನಗೆ ಹೆದರಿಕೆ ಬೆಲ್ಲೋ ಬಗ್ಗೆ. ಏರ್ ಸಸ್ಪೆನ್ಶನ್ ಬಸ್ಸು ಗಾಳಿಯ ಮೇಲೆ ನಿಂತಿರುತ್ತದೆ. ಒಂದು ಪೈಪ್ ಕಳಚಿದರೆ ಬಾಡಿ ಧಡಕ್ಕನೆ ಕೆಳಗೆ ಕೂರುತ್ತದೆ. ಚಕ್ರಕ್ಕೂ ಬಾಡಿಗೂ ನಡುವೆ ತಲೆ ಹಾಕುವ ಮೊದಲು ಚಾಸಿ ಕೆಳಗೆ ಸ್ಟ್ಯಾಂಡ್ ಇರಬೇಕು. ಜಾಕಿ ಎತ್ತುವುದಕ್ಕೆ ಮಾತ್ರ, ನಂಬುವುದಕ್ಕಲ್ಲ. ಪಾರ್ಕಿಂಗ್ ಬ್ರೇಕಿನ ಸ್ಪ್ರಿಂಗ್ ಚೇಂಬರನ್ನು, ಸ್ಪ್ರಿಂಗ್ ಅದುಮಿ ಹಿಡಿಯುವ ಕೇಜಿಂಗ್ ಬೋಲ್ಟ್ ಹಾಕದೆ ಬಿಚ್ಚುವವರನ್ನು ಕಂಡರೆ ಅಲ್ಲಿಂದ ದೂರ ಹೋಗು. ಒಳಗಿನ ಸ್ಪ್ರಿಂಗ್ ಹಾರಿ ಬಡಿದರೆ ಜೀವ ಉಳಿಯುವುದು ಕಷ್ಟ.

ನಾನು ಈ ಡಿಪೋಗೆ ಬರುವ ಮೊದಲು ಒಬ್ಬ ಲಾರಿ ಮಾಲೀಕರ ಹತ್ತಿರ ಕೆಲಸದಲ್ಲಿದ್ದೆ, ನಿನಗೆ ಗೊತ್ತಲ್ಲ. ಲೈನಿಂಗ್ ರಿವೆಟ್‌ವರೆಗೆ ಸವೆದಿದೆ ಅಂದರೆ "ಇನ್ನೊಂದು ಟ್ರಿಪ್ ಆಗಲಿ" ಅನ್ನುತ್ತಿದ್ದರು, ಗಾಡಿ ತಪಾಸಣೆ ಪುಸ್ತಕದಲ್ಲಿ ಮಾತ್ರ ನಮ್ಮ ಸಹಿ ಬೇಕಿತ್ತು. ನಾನು ಸಹಿ ಹಾಕುವುದಿಲ್ಲ ಅಂತ ಜಗಳವಾಯಿತು, ಬಿಟ್ಟು ಬಂದೆ. ನಿನ್ನ ಕಡೆ ಬಸ್ಸು ಕಂಪನಿಯದು, ಓಡಿಸಿದ ಕಿಲೋಮೀಟರಿಗೆ ದುಡ್ಡು. ನಿಂತ ಬಸ್ಸಿಗೆ ಆದಾಯವಿಲ್ಲ. ಹಾಗಾಗಿ ಬೆಳಗಿನ ಜಾವ ನಾಲ್ಕೂವರೆಗೆ ಒತ್ತಡ ಬಂದೇ ಬರುತ್ತದೆ. ಕೂಗಾಡಬೇಡ. "ಸಾರ್, ನಾನು ನೋಡಿದ್ದು ಇದು, ಬರೆದಿದ್ದೇನೆ. ಬಿಡೋದಾದ್ರೆ ನೀವು ಸಹಿ ಹಾಕಿ" ಅನ್ನು. ಬಹಳ ಜನ ಪೆನ್ನು ಕೆಳಗಿಡುತ್ತಾರೆ.

ಹುಡುಗಿ ಪಾನಾ ಹಿಡಿದದ್ದಕ್ಕೆ ಒಂದಷ್ಟು ದಿನ ನೋಡುತ್ತಾರೆ, ನೋಡಲಿ. ನಟ್ ಬಿಗಿ ಮಾಡಲು ತೋಳ್ಬಲ ಸಾಲದು ಅಂತ ಯಾರಾದರೂ ಅಂದರೆ ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚ್ ಕೇಳು. ತೋಳ್ಬಲ ಇದ್ದವರೇ ಅತಿಯಾಗಿ ಬಿಗಿದು ಸ್ಟಡ್ ಎಳೆದುಬಿಡುತ್ತಾರೆ. ಚಕ್ರ ಬದಲಿಸಿದ ಮೇಲೆ 50-100 ಕಿಲೋಮೀಟರ್ ಓಡಿಸಿ ಮತ್ತೆ ಟಾರ್ಕ್ ನೋಡಬೇಕು, ಅದನ್ನು ಮರೆಯುವವರೂ ಅವರೇ.

ಸೇರುವ ದಿನವೇ ಕೇಳಬೇಕಾದ್ದು: ಬಟ್ಟೆ ಬದಲಿಸಲು ಕೋಣೆ ಇದೆಯಾ, ರಾತ್ರಿ ಶಿಫ್ಟಿಗೆ ಪಿಕಪ್-ಡ್ರಾಪ್ ಇದೆಯಾ, ಪಿಎಫ್ ಮತ್ತು ಇಎಸ್‌ಐ ಯಾವ ತಿಂಗಳಿಂದ. ಪಿಎಫ್‌ನ ಯುಎಎನ್ ನಂಬರ್ ಬಂದ ಮೇಲೆ ಪಾಸ್‌ಬುಕ್ ನೀನೇ ತೆರೆದು ನೋಡು. ಶೂಗೆ ದುಡ್ಡು ಹಾಕಿದ್ದೇನೆ, ಗಟ್ಟಿ ಟೋ ಇರುವುದನ್ನೇ ತಗೋ.

ಹಬ್ಬಕ್ಕೆ ಬಂದಾಗ ಚಾರ್ಜಿಂಗ್ ಗನ್ ಬಿಸಿಯಾದರೆ ನೀವು ಮೊದಲು ಏನು ನೋಡುತ್ತೀರಿ ಅಂತ ಹೇಳು. ನಮ್ಮ ಡಿಪೋದಲ್ಲಿ ಈಗಾಗಲೇ ಇಬ್ಬರು ಕೇಳಿದ್ದಾರೆ, ನನ್ನ ಮಗಳನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ.

ನಿನ್ನ
ಅಪ್ಪ